ಹಿತ್ತಲ ಪ್ರಶ್ನೋತ್ತರ: ಶರಬತ್ತು ಹಣ್ಣಿನ ಬಳ್ಳಿ

ಪ್ಯಾಶನ್ ಫ್ರೂಟ್ ಎನ್ನಿ, ಶರಬತ್ತು ಹಣ್ಣು ಎನ್ನಿ, ಜ್ಯೂಸ್ ಹಣ್ಣು ಎನ್ನಿ. ಮಲೆನಾಡಿನ ಹಿತ್ತಲಲ್ಲಿ ಈ ಬಳ್ಳಿ ಹಬ್ಬಿಸುವುದಕ್ಕೆ ಯಾರ ಸಲಹೆಯೂ ಬೇಕಿಲ್ಲ, ತಾನಾಗಿ ಹಬ್ಬುತ್ತದೆ. ಹಣ್ಣು ಕಾಣುವುದೇ ಕಷ್ಟ. ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಅದೇ ದೂರಿನವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮೂರು ವರ್ಷದ ಹಳದಿ ಜಾತಿಯ ಒಂದು ಬಳ್ಳಿ ಇದೆ. ಹಲಸಿನ ಮರಕ್ಕೆ ಹಬ್ಬಿದೆ. ಗೋಬರ್ ಗ್ಯಾಸಿನ ಬಗ್ಗಡ ತಪ್ಪದೆ ಹಾಕುತ್ತೇವೆ. ಸೊಪ್ಪು ಕಡುಹಸಿರಾಗಿದೆ, ಏಪ್ರಿಲ್‌ನಲ್ಲಿ ಹೂವೂ ಬಿಡುತ್ತದೆ. ಆದರೆ ಹೂವು ಒಂದೆರಡು ದಿನದಲ್ಲಿ ತೊಟ್ಟಿನ ಸಮೇತ ಉದುರುತ್ತದೆ. ಇಲ್ಲಿಯವರೆಗೆ ಒಂದು ಕಾಯಿಯೂ ನಿಂತಿಲ್ಲ.
— ಗೃಹಿಣಿ, ಕೋಣಂದೂರು

ಉತ್ತರ: ನಿಮ್ಮ ಪತ್ರದಲ್ಲೇ ಮೂರು ಕಾರಣ ಇವೆ. ಮೊದಲನೆಯದು ‘ಒಂದು ಬಳ್ಳಿ’ ಎಂಬ ಮಾತು. ಹಳದಿ ಜಾತಿಯಲ್ಲಿ ಒಂದು ಬಳ್ಳಿಯ ಪರಾಗ ಅದೇ ಬಳ್ಳಿಯ ಹೂವಿಗೆ ನಾಟುವುದಿಲ್ಲ. ಬೇರೆ ಬೀಜದಿಂದ ಹುಟ್ಟಿದ ಇನ್ನೊಂದು ಹಳದಿ ಬಳ್ಳಿಯ ಪರಾಗವೇ ಬರಬೇಕು. ಇರುವ ಬಳ್ಳಿಯದ್ದೇ ಕಡ್ಡಿ ಕತ್ತರಿಸಿ ಪಕ್ಕದಲ್ಲಿ ನೆಟ್ಟರೆ ಉಪಯೋಗವಿಲ್ಲ, ಅದು ಇದೇ ಬಳ್ಳಿಯ ಇನ್ನೊಂದು ತುಂಡು ಅಷ್ಟೆ. ನೇರಳೆ ಜಾತಿಯ ಬಳ್ಳಿ ತಂದು ನೆಟ್ಟು ಪರಾಗ ಸಿಗುತ್ತದೆ ಎಂದು ಕಾಯುವವರೂ ಇದ್ದಾರೆ. ನೇರಳೆಯ ಹೂವು ನಸುಕಿಗೆ ಅರಳಿ ಮಧ್ಯಾಹ್ನದ ಒಳಗೆ ಮುದುಡುತ್ತದೆ. ಹಳದಿಯದ್ದು ಮಧ್ಯಾಹ್ನ ಅರಳಿ ರಾತ್ರಿ 9ರ ಸುಮಾರಿಗೆ ಮುಚ್ಚುತ್ತದೆ. ಎರಡಕ್ಕೂ ಭೇಟಿಯೇ ಆಗುವುದಿಲ್ಲ. ಆದ್ದರಿಂದ ನೆಂಟರ ಮನೆಯಿಂದಲೋ ಸಂತೆಯಿಂದಲೋ ಬೇರೆ ಬೇರೆ ಕಡೆಯ ಹಳದಿ ಹಣ್ಣು ತಂದು, ಬೀಜ ಹಾಕಿ, ಎರಡು ಮೂರು ಸಸಿ ನೆಡಿ. ಅಷ್ಟರವರೆಗೆ ಊರಲ್ಲಿ ಯಾರ ಮನೆಯಲ್ಲಾದರೂ ಹಳದಿ ಬಳ್ಳಿ ಇದ್ದರೆ, ಅಲ್ಲಿಂದ ಆ ದಿನ ಅರಳಿದ ನಾಲ್ಕೈದು ಹೂವು ತಂದು ನೀವೇ ಪರಾಗ ಮುಟ್ಟಿಸಬಹುದು.

ಅದನ್ನು ಮಾಡುವ ಕ್ರಮ ಹೀಗೆ. ಹೂವಿನ ನಡುವೆ ಒಂದು ಕಂಬ ಇದೆ. ಅದರಲ್ಲಿ ಕೆಳಮುಖವಾಗಿ ಐದು ಪರಾಗದ ಚೀಲ, ಅದಕ್ಕಿಂತ ಮೇಲೆ ಮೂರು ಕವಲು, ಪ್ರತಿ ಕವಲಿನ ತುದಿಯಲ್ಲಿ ಒಂದು ಗುಂಡು. ಹೂವು ಅರಳಿದಾಗ ಈ ಕವಲುಗಳು ಮೇಲಕ್ಕೆ ನಿಂತಿರುತ್ತವೆ. ಸುಮಾರು ಒಂದು ಗಂಟೆಯಲ್ಲಿ ಬಾಗಿ ಪರಾಗದ ಚೀಲಗಳ ಮಟ್ಟಕ್ಕೆ ಇಳಿಯುತ್ತವೆ. ಇಳಿದ ಮೇಲೆ, ಅಂದರೆ ಮಧ್ಯಾಹ್ನ 2ರಿಂದ 4ರ ಒಳಗೆ, ಬೇರೆ ಬಳ್ಳಿಯ ಹೂವನ್ನು ಬೋರಲು ಹಿಡಿದು ಅದರ ಚೀಲಗಳನ್ನು ಈ ಮೂರೂ ಗುಂಡಿಗೆ ಹಳದಿ ಪುಡಿ ಕಾಣುವಷ್ಟು ಸವರಿ. ಒಂದು ಗುಂಡಿಗೆ ಮಾತ್ರ ಸವರಿ ಬಿಟ್ಟರೆ ಕಾಯಿ ನಿಂತರೂ ಒಳಗೆ ಅರ್ಧ ಖಾಲಿ. ರಸ ಇರುವುದು ಬೀಜದ ಸುತ್ತಲಿನ ಚೀಲದಲ್ಲಿ. ಬೀಜ ಎಷ್ಟು ಕಟ್ಟಿತೋ ರಸ ಅಷ್ಟೆ. ಕೆಲವು ಹೂವಿನಲ್ಲಿ ಕವಲುಗಳು ಬಾಗುವುದೇ ಇಲ್ಲ, ಕೊನೆಯವರೆಗೂ ಸೆಟೆದು ನಿಂತಿರುತ್ತವೆ. ಅಂಥವು ಕಾಯಿ ಕಟ್ಟುವುದಿಲ್ಲ, ಆದರೆ ಪರಾಗ ಚೆನ್ನಾಗಿರುತ್ತದೆ. ಪರಾಗಕ್ಕೆ ಅವನ್ನೇ ಕೀಳಿ, ಬಾಗಿದವನ್ನು ಕಾಯಿಗೆ ಉಳಿಸಿ. ಸವರಿ ಎರಡು ಗಂಟೆಯಾದರೂ ಹೂವು ಒಣಗಿಯೇ ಇರಬೇಕು. ನೀರು ತಾಗಿದರೆ ಪರಾಗದ ಕಣ ಒಡೆದು ಹಾಳಾಗುತ್ತದೆ. ಸಂಜೆ ಮಳೆ ಬರುವ ಲಕ್ಷಣ ಇದ್ದ ದಿನ ಸವರಿದ ಹೂವಿಗೆ ಒಂದು ಪ್ಲಾಸ್ಟಿಕ್ ಲೋಟ ಬೋರಲು ಕಟ್ಟಿದರೆ ಉಳಿಯುತ್ತದೆ. ನಾಲ್ಕೈದು ದಿನಕ್ಕೆ ಎಸಳು ಒಣಗಿ, ನಡುವಿನ ಹಸಿರು ಮೊಟ್ಟೆ ದಪ್ಪಗಾಗುತ್ತಿದ್ದರೆ ಕಾಯಿ ಹಿಡಿಯಿತು ಎಂದೇ ಲೆಕ್ಕ.

ಎರಡು ಬೇರೆ ಬಳ್ಳಿ ಇದ್ದ ಮೇಲೆ ಈ ಕೆಲಸವನ್ನು ಬಡ್ಡೆ ದುಂಬಿ ಮಾಡಿಕೊಡುತ್ತದೆ. ಒಣ ಬಿದಿರು, ಹಳೆಯ ಜಂತೆ ಕೊರೆದು ಗೂಡು ಮಾಡುವ, ಕಪ್ಪಗೆ ದಪ್ಪಗಿರುವ ದುಂಬಿ ಅದು. ಅದರ ಬೆನ್ನು ಪರಾಗದ ಚೀಲಕ್ಕೂ ಗುಂಡಿಗೂ ಸರಿಯಾಗಿ ತಾಗುತ್ತದೆ. ತುಡುವೆ ಜೇನು ಈ ಹೂವಿಗೆ ಬಹಳ ಸಣ್ಣದು. ಪರಾಗ ಹೊತ್ತುಕೊಂಡು ಹೋಗುತ್ತದೆಯೇ ಹೊರತು ಮುಟ್ಟಿಸುವುದು ಕಡಿಮೆ. ಹಿತ್ತಲ ಮೂಲೆಯಲ್ಲಿ ಒಂದೆರಡು ಒಣ ಬಿದಿರಿನ ಗಳ, ಹಳೆಯ ಮರದ ತುಂಡು ಬಿದ್ದಿರಲಿ, ಚೊಕ್ಕಟ ಮಾಡಬೇಡಿ. ಹೂವಿನ ಕಾಲದಲ್ಲಿ ಕೀಟನಾಶಕ ಬೇಡ.

ಎರಡನೆಯ ಕಾರಣ ಹಲಸಿನ ಮರ. ದಿನಕ್ಕೆ ಆರೇಳು ಗಂಟೆ ನೇರ ಬಿಸಿಲು ಇಲ್ಲದ ಕಡೆ ಬಳ್ಳಿ ಬಿಸಿಲು ಹುಡುಕಿಕೊಂಡು ತುದಿಗೆ ಏರುತ್ತದೆ, ಹೂವೂ ಅಲ್ಲೇ ಬಿಡುತ್ತದೆ. ನಿಮ್ಮ ಕೈಗೂ ಸಿಗುವುದಿಲ್ಲ. ಮೂರನೆಯದು ಬಗ್ಗಡ. ಅದರಲ್ಲಿ ಸಾರಜನಕ ಹೆಚ್ಚು. ಸೊಪ್ಪು ಬೆಳೆಯುವುದೇ ಅದರಿಂದ. ಜನವರಿಯಿಂದ ಮೇವರೆಗೆ ಬಗ್ಗಡ ನಿಲ್ಲಿಸಿ, ಫೆಬ್ರವರಿಯಲ್ಲಿ ಒಲೆಯ ಬೂದಿ ಅರ್ಧ ಕಿಲೋ ಬುಡದಿಂದ ಎರಡಡಿ ದೂರಕ್ಕೆ ಸುತ್ತ ಚೆಲ್ಲಿ ನೀರು ಕೊಡಿ. ಬೂದಿ ಮತ್ತು ಸಗಣಿ ಗೊಬ್ಬರ ಒಟ್ಟಿಗೆ ಹಾಕಬಾರದು, ಗೊಬ್ಬರದ ಸಾರ ಗಾಳಿಗೆ ಹೋಗುತ್ತದೆ. ನಡುವೆ ಎರಡು ವಾರ ಇರಲಿ.

ಪ್ರಶ್ನೆ: ಹೊಸದಾಗಿ ಹಾಕಬೇಕೆಂದಿದ್ದೇವೆ. ಯಾವ ಜಾತಿ ಒಳ್ಳೆಯದು? ಬೀಜವೋ, ಕಡ್ಡಿಯೋ, ಕಸಿಯೋ?
— ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ನೇರಳೆ ಹಣ್ಣು ಸಣ್ಣದು, ಪರಿಮಳ ಹೆಚ್ಚು, ಹುಳಿ ಕಡಿಮೆ, ಒಂದೇ ಬಳ್ಳಿ ಇದ್ದರೂ ಕಾಯಿ ಕಟ್ಟುತ್ತದೆ. ಆದರೆ ಬೇರು ನಾಜೂಕು. ಸೊರಗು ರೋಗ, ಜಂತುಹುಳು ಎರಡಕ್ಕೂ ಬೇಗ ಬಗ್ಗುತ್ತದೆ. ಹಳದಿ ದೊಡ್ಡದು, ಹುಳಿ, ರಸ ಹೆಚ್ಚು, ಬೇರು ಗಟ್ಟಿ. ಇವೆರಡನ್ನೂ ಕೂಡಿಸಿ ಕೊಡಗಿನ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಮಾಡಿದ ತಳಿ ‘ಕಾವೇರಿ’. ಹಣ್ಣು ನೇರಳೆ ಬಣ್ಣದ್ದು, ಒಂದೊಂದು 85ರಿಂದ 110 ಗ್ರಾಂ ತೂಗುತ್ತದೆ. ಎಲೆಚುಕ್ಕೆ ಮತ್ತು ಬುಡಕೊಳೆ ತಡೆಯುವ ಶಕ್ತಿ ನೇರಳೆಗಿಂತ ಹೆಚ್ಚು. ಸಿಕ್ಕಿದರೆ ಅದನ್ನೇ ಹಾಕಿ. ಸಿಗದಿದ್ದರೆ ಹಳದಿ ಬೇರಿನ ಮೇಲೆ ನೇರಳೆ ಕಸಿ ಮಾಡುವುದೇ ನಮ್ಮ ಆಯ್ಕೆ. ನಿಮ್ಮ ಸೀಮೆಯಲ್ಲಿ ಅಪ್ಪೆಮಿಡಿ ಕಸಿ ಕಟ್ಟುವವರಿಗೆ ಕೊರತೆ ಇಲ್ಲ, ಕೈ ಪಳಗಿದವರಿಗೆ ಇದು ಮಾವಿಗಿಂತ ಸುಲಭ. ಸಣ್ಣ ಪೆನ್ಸಿಲ್ ದಪ್ಪದ ಹಳದಿ ಸಸಿಯನ್ನು ನೆಲದಿಂದ ಒಂದು ಗೇಣು ಎತ್ತರದಲ್ಲಿ ಕತ್ತರಿಸಿ ನಡುವೆ ಒಂದಂಗುಲ ಸೀಳಿ. ಅಷ್ಟೇ ದಪ್ಪದ, ಎರಡು ಮೂರು ಗಣ್ಣಿನ ನೇರಳೆ ಕಡ್ಡಿಯ ಬುಡವನ್ನು ಬೆಣೆಯಂತೆ ಹೆರೆದು ಸೀಳಿಗೆ ಕೂರಿಸಿ, ಒಂದು ಪಕ್ಕದ ಸಿಪ್ಪೆಯಾದರೂ ಸಿಪ್ಪೆಗೆ ಕೂಡುವಂತೆ ನೋಡಿ ಪಟ್ಟಿ ಸುತ್ತಿ. ಮೇಲೊಂದು ಪ್ಲಾಸ್ಟಿಕ್ ಕವರ್ ಮುಚ್ಚಿ ಮೂರು ವಾರ ನೆರಳಲ್ಲಿಡಿ. ಚಿಗುರು ಕಂಡ ಮೇಲೆ ಕವರ್ ತೆಗೆಯಿರಿ. ಕಸಿಯ ಕೆಳಗೆ ಬರುವ ಚಿಗುರನ್ನು ಆಗಾಗ ಚಿವುಟದಿದ್ದರೆ ಹಳದಿಯೇ ಗೆದ್ದು ನೇರಳೆ ಸಾಯುತ್ತದೆ.

ಬೀಜ ಹಾಕುವುದಾದರೆ ಬಳ್ಳಿಯಿಂದ ತಾನಾಗಿ ಉದುರಿದ ಹಣ್ಣಿನದ್ದು ಇರಲಿ. ತಿರುಳನ್ನು ಬೋಗುಣಿಯಲ್ಲಿ ಎರಡು ಮೂರು ದಿನ ಹುಳಿಯಲು ಬಿಟ್ಟು, ತೊಳೆದು, ನೆರಳಲ್ಲಿ ಆರಿಸಿ, ತಡಮಾಡದೆ ಬಿತ್ತಿ. ಹೊಸ ಬೀಜ ಎರಡು ಮೂರು ವಾರಕ್ಕೆ ಮೊಳೆಯುತ್ತದೆ. ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಟ್ಟದ್ದು ಬಹಳ ತಡ, ಕೆಲವೊಮ್ಮೆ ಏಳುವುದೇ ಇಲ್ಲ. ಮೂರು ತಿಂಗಳಿಗೆ ಸಸಿ ನೆಡಲು ಬರುತ್ತದೆ. ಕಡ್ಡಿಯಾದರೆ ಬಲಿತ, ಮೂರು ನಾಲ್ಕು ಗಣ್ಣಿನ ಒಂದಡಿ ತುಂಡು, ಎರಡು ಗಣ್ಣು ಮಣ್ಣಿನೊಳಗೆ. ಕಡ್ಡಿಯ ಗಿಡ ಬೀಜದ ಗಿಡಕ್ಕಿಂತ ಕೆಲವು ತಿಂಗಳು ಮೊದಲೇ ಹೂವು ಬಿಡುತ್ತದೆ.

ಪ್ರಶ್ನೆ: ಎರಡು ವರ್ಷ ಚೆನ್ನಾಗಿ ಫಲ ಕೊಟ್ಟ ನೇರಳೆ ಬಳ್ಳಿ ಈ ಸಲ ಮಘೆ ಮಳೆಯ ಹೊತ್ತಿಗೆ ಎಲೆ ಹಳದಿಯಾಗಿ ವಾರದಲ್ಲಿ ಒಣಗಿಹೋಯಿತು. ಬುಡಕ್ಕೆ ಗೊಬ್ಬರ, ದರಕು (ಒಣಗಿದ ಎಲೆ) ಎಲ್ಲ ಚೆನ್ನಾಗಿ ಏರಿಸಿದ್ದೆವು. ಹಿಂದೆ ಅದೇ ಜಾಗದಲ್ಲಿ ಇನ್ನೊಂದು ಬಳ್ಳಿಯೂ ಹೀಗೇ ಹೋಗಿತ್ತು.
— ಕೃಷಿಕರು, ಹೊಸನಗರ ತಾಲ್ಲೂಕು

ಉತ್ತರ: ಕಾಳುಮೆಣಸಿನ ಸೊರಗು ರೋಗ ನೋಡಿದವರಿಗೆ ಇದು ಹೊಸದಲ್ಲ. ಬುಡಕೊಳೆ ತರುವ ರೋಗಾಣುವೂ ಅದೇ ಫೈಟಾಫ್ತೊರಾ ಕುಲದ್ದು, ನಿಂತ ನೀರಲ್ಲಿ ಈಜಿ ಬೇರು ಸೇರುತ್ತದೆ. ನೀವು ಏರಿಸಿದ ಗೊಬ್ಬರ, ದರಕು ಬುಡದ ಸಿಪ್ಪೆಗೆ ತಾಗಿಕೊಂಡಿತ್ತು ಎಂದಾದರೆ ಮೂರು ತಿಂಗಳು ಅಲ್ಲಿ ಒದ್ದೆ ಆರಲೇ ಇಲ್ಲ. ಸತ್ತ ಬಳ್ಳಿಯ ಬುಡವನ್ನು ಚಾಕುವಿನಿಂದ ಕೆರೆದು ನೋಡಿ. ನೆಲಮಟ್ಟದ ಸಿಪ್ಪೆ ಕಪ್ಪಾಗಿ, ಮೆತ್ತಗೆ, ಬೆರಳಿಗೆ ಜಾರುವಂತಿದ್ದರೆ ಬುಡಕೊಳೆ. ಸಿಪ್ಪೆ ಸರಿ ಇದ್ದು, ಅಡ್ಡ ಕತ್ತರಿಸಿದಾಗ ಒಳಗಿನ ಕಟ್ಟಿಗೆಯಲ್ಲಿ ಕೆಂಗಂದು ಗೆರೆ ಕಂಡರೆ ಅದು ಫ್ಯುಸೇರಿಯಂ ಸೊರಗು. ಎರಡನೆಯದಕ್ಕೆ ಔಷಧಿ ಇಲ್ಲ. ಅದು ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆ ಜಾಗಕ್ಕೆ ಮತ್ತೆ ನೇರಳೆ ಬೇಡ, ಹಳದಿ ಬೇರಿನ ಕಸಿ ಗಿಡವೇ ಬೇಕು, ಅದೂ ಹತ್ತು ಹದಿನೈದು ಅಡಿ ದೂರ ಸರಿದು.

ಬುಡಕೊಳೆ ತಪ್ಪಿಸುವ ಕೆಲಸ ಗುಂಡಿ ತೆಗೆಯುವಾಗಲೇ ಶುರುವಾಗಬೇಕು. ಬಯಲುಸೀಮೆಯ ಪುಸ್ತಕದಲ್ಲಿ ಒಂದೂವರೆ ಅಡಿ ಗುಂಡಿ ತೋಡಿ ಅದರೊಳಗೆ ನೆಡಿ ಎಂದಿರುತ್ತದೆ. ಹೊಸನಗರದ ಮಳೆಗೆ ಆ ಗುಂಡಿ ಬಾವಿಯಾಗುತ್ತದೆ. ಗುಂಡಿ ತೋಡಿ, ಮಣ್ಣಿಗೆ 10 ಕಿಲೋ ಹಳೆಯ ಗೊಬ್ಬರ, ಅರ್ಧ ಕಿಲೋ ಬೇವಿನ ಹಿಂಡಿ, 50 ಗ್ರಾಂ ಟ್ರೈಕೋಡರ್ಮಾ (ಕೊಳೆರೋಗ ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ) ಬೆರೆಸಿ ಪೂರ್ತಿ ತುಂಬಿಸಿ, ಅದರ ಮೇಲೆ ಮೂರಡಿ ಅಗಲದ, ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ ದಿಬ್ಬದ ತಲೆಗೆ ಗಿಡ ಕೂರಿಸಿ. ದಿಬ್ಬದ ಮೇಲ್ಗಡೆಯಿಂದ ಬರುವ ನೀರು ತಿರುಗಿ ಹೋಗಲು ಬಸಿಗಾಲುವೆ ಬೇಕೇ ಬೇಕು. ದರೆಯ ಕೆಳಗೆ, ಸೂರಿನ ನೀರು ಬೀಳುವಲ್ಲಿ, ಬಚ್ಚಲ ನೀರಿನ ಹಾದಿಯಲ್ಲಿ ಬೇಡ. ಜಂಬಿಟ್ಟಿಗೆ ಮಣ್ಣಿನ ಕಡೆ ಹುಳಿ ಅಂಶ ಹೆಚ್ಚಿರುವುದರಿಂದ ನೆಡುವ ಎರಡು ವಾರ ಮೊದಲು ಗುಂಡಿಗೆ ಅರ್ಧ ಕಿಲೋ ಸುಣ್ಣ ಬೆರೆಸಿಡಿ, ಗೊಬ್ಬರ, ಟ್ರೈಕೋಡರ್ಮಾ ಆಮೇಲೆ. ಮಣ್ಣಿನ ರಸಸಾರ (ಪಿಎಚ್) 6ರಿಂದ 7 ಇದ್ದರೆ ಈ ಬಳ್ಳಿಗೆ ಹಿತ.

ಮುಚ್ಚಿಗೆ ಬೇಕು ನಿಜ, ಬೇರು ಮೇಲ್ಮಣ್ಣಿನಲ್ಲೇ ಇರುತ್ತದೆ. ಆದರೆ ಕಾಂಡದಿಂದ ಒಂದು ಗೇಣು ಬಿಟ್ಟೇ ದರಕು ಹಾಸಿ. ಗುದ್ದಲಿಯಿಂದ ಬುಡ ಕೆದಕಬೇಡಿ, ಗಾಯದಲ್ಲೇ ರೋಗ ಹೊಗುವುದು.

ಅಡಿಕೆಯ ಕೊಳೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ದಿನವೇ ಇದಕ್ಕೂ ಒಂದು ಕೊಡ ಎತ್ತಿಡಿ. ಶೇಕಡ 1ರ ದ್ರಾವಣವನ್ನು ಎಲೆಗೆ ಸಿಂಪಡಿಸಿ, ಬುಡದ ಒಂದಡಿ ಕಾಂಡ ತೋಯಿಸಿ. ಇದರಿಂದ ಎಲೆಯಲ್ಲಿ, ಕಾಯಿಯಲ್ಲಿ ಬರುವ ಕಂದು ಚುಕ್ಕೆಯೂ ಹತೋಟಿಗೆ ಬರುತ್ತದೆ. ಬಳ್ಳಿಗೆ ಮಾತ್ರ ಸಾಕು ಎನ್ನುವವರು 100 ಗ್ರಾಂ ಮೈಲುತುತ್ತವನ್ನು 5 ಲೀಟರ್ ನೀರಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನು 5 ಲೀಟರಿನಲ್ಲಿ ಪ್ಲಾಸ್ಟಿಕ್ ಬಕೆಟ್‌ನಲ್ಲೇ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಸಿ. ಉಜ್ಜಿದ ಕತ್ತಿಯ ತುದಿ ಅದ್ದಿ ನೋಡಿ, ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ. ಅಂದೇ ಮಾಡಿ ಅಂದೇ ಮುಗಿಸಿ. ಮೊದಲ ಸಲ ಮೇ ಕೊನೆಗೆ, ಎರಡನೆಯದು ಮಳೆ ಹೊಳವಾದಾಗ ಜುಲೈನಲ್ಲಿ. ಬುಡದ ಸಿಪ್ಪೆ ಅರ್ಧ ಸುತ್ತು ಮಾತ್ರ ಕೊಳೆತ ಬಳ್ಳಿ ಇದ್ದರೆ ಕೊಳೆತದ್ದನ್ನು ಹಸಿರು ಕಾಣುವವರೆಗೆ ಕೆರೆದು, 100 ಗ್ರಾಂ ತುತ್ತ, 100 ಗ್ರಾಂ ಸುಣ್ಣ, 1 ಲೀಟರ್ ನೀರಿನ ಬೋರ್ಡೋ ಸರಿ ಬಳಿಯಿರಿ. ಉಳಿದರೂ ಉಳಿಯಬಹುದು. ಸುತ್ತಲೂ ಕೊಳೆತಿದ್ದರೆ ಖರ್ಚು ದಂಡ.

ಇನ್ನೊಂದು ಮಾತು. ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಈ ಬಳ್ಳಿಯ ಒಳ್ಳೆಯ ಫಲ ನಾಲ್ಕೈದು ವರ್ಷ. ಮೂರನೆಯ ವರ್ಷವೇ ಬೇರೆ ಜಾಗದಲ್ಲಿ ಮುಂದಿನ ಗಿಡ ನೆಟ್ಟಿರಿ.

ಪ್ರಶ್ನೆ: ಚಪ್ಪರವೋ, ತಂತಿ ಬೇಲಿಯೋ? ಬಳ್ಳಿ ಸವರುವುದು, ಅಂದರೆ ಕವಲು ಕತ್ತರಿಸುವುದು, ಯಾವಾಗ? ಸವರಿದ ಒಂದು ಬಳ್ಳಿ ಸತ್ತೇ ಹೋಯಿತು.
— ಓದುಗರು, ತೀರ್ಥಹಳ್ಳಿ

ಉತ್ತರ: ಅಂಗಳದ ನೆರಳಿಗೆ ಚಪ್ಪರ, ಹಣ್ಣಿಗೆ ತಂತಿ. ಚಪ್ಪರದ ಮೇಲೆ ಬಳ್ಳಿ ಒಂದರ ಮೇಲೊಂದು ಹೆಣೆದುಕೊಂಡು, ಕೆಳಗಿನ ಪದರ ಬಿಸಿಲಿಲ್ಲದೆ ಒಣಗಿ, ಮಳೆಗಾಲದಲ್ಲಿ ಅದೇ ಕೊಳೆಯ ಗೂಡಾಗುತ್ತದೆ. ತಂತಿಯಾದರೆ ಗಾಳಿಯಾಡುತ್ತದೆ, ಬಳ್ಳಿ ಎರಡೂ ಮಗ್ಗುಲು ಬಿಸಿಲು ಕಾಣುತ್ತದೆ. ಎಂಟೂವರೆ ಅಡಿಯ ಕಲ್ಲು ಅಥವಾ ಸಿಮೆಂಟ್ ಕಂಬವನ್ನು ಎರಡಡಿ ಹೂತು, ಹದಿನೈದು ಅಡಿಗೊಂದರಂತೆ ನಿಲ್ಲಿಸಿ, ತಲೆಯ ಮೇಲೆ 10 ಗೇಜಿನ ಜಿ.ಐ. ತಂತಿ ಬಿಗಿಯಿರಿ. ಸಾಲು ಉತ್ತರ ದಕ್ಷಿಣ ಇದ್ದರೆ ಒಳ್ಳೆಯದು. ಅಡಿಕೆ ದಬ್ಬೆಯ ಚಪ್ಪರ ಅಗ್ಗವೇ, ಆದರೆ ಎರಡು ಮೂರು ಮಳೆಗಾಲಕ್ಕೆ ಕುಂಬಾಗುತ್ತದೆ. ಮಳೆ ನೀರು ಕುಡಿದ ಬಳ್ಳಿಯ ಭಾರಕ್ಕೆ ಕಾಯಿ ಇರುವಾಗಲೇ ಕುಸಿಯುತ್ತದೆ. ಅಡಿಕೆ ಮರಕ್ಕೆ ಹಬ್ಬಿಸುವುದು ಮಾತ್ರ ಬೇಡ. ತೋಟದೊಳಗೆ ಬಿಸಿಲು ಸಾಲದು, ಸುಳಿ ಸುತ್ತಿಕೊಂಡರೆ ಮರಕ್ಕೂ ಕಷ್ಟ.

ಸಸಿಯ ಪಕ್ಕ ಕೋಲು ನೆಟ್ಟು ಒಂದೇ ಕಾಂಡ ತಂತಿಯವರೆಗೆ ಏರಲಿ, ಪಕ್ಕದ ಚಿಗುರೆಲ್ಲ ಚಿವುಟಿ. ತಂತಿ ಮುಟ್ಟಿದ ಮೇಲೆ ತುದಿ ಚಿವುಟಿ ಎಡಕ್ಕೊಂದು ಬಲಕ್ಕೊಂದು ಕೈ ಬಿಡಿ. ಆ ಕೈಗಳಿಂದ ಕೆಳಕ್ಕೆ ಇಳಿಬೀಳುವ ಕವಲುಗಳೇ ಹಣ್ಣು ಕೊಡುವುವು. ಅವು ನೆಲದಿಂದ ಒಂದಡಿ ಮೇಲಿರುವಂತೆ ತುದಿ ಕತ್ತರಿಸುತ್ತಿರಿ. ನೆಲ ಮುಟ್ಟಿದರೆ ಮಳೆಗೆ ಸಿಡಿದ ಮಣ್ಣಿನ ಜೊತೆ ರೋಗ ಏರುತ್ತದೆ.

ಹೂವು ಬರುವುದು ಹೊಸ ಚಿಗುರಿನಲ್ಲಿ ಮಾತ್ರ. ಹಣ್ಣು ಕೊಟ್ಟ ಕವಲು ಮತ್ತೆ ಅದೇ ಜಾಗದಲ್ಲಿ ಹಣ್ಣು ಕೊಡುವುದಿಲ್ಲ, ಹಾಗಾಗಿ ಸವರಲೇಬೇಕು. ದಕ್ಷಿಣದಲ್ಲಿ ಕೊಯ್ಲು ಮುಖ್ಯವಾಗಿ ಎರಡು, ಮೇ-ಜೂನ್ ಮತ್ತು ಸೆಪ್ಟೆಂಬರ್-ಅಕ್ಟೋಬರ್. ಹೂವಿನಿಂದ ಹಣ್ಣಿಗೆ 60ರಿಂದ 90 ದಿನ ಬೇಕು. ಎರಡನೆಯ ಕೊಯ್ಲಿನ ಹೂವು ಅರಳಬೇಕಾದದ್ದು ಜುಲೈನಲ್ಲಿ. ಪುನರ್ವಸು, ಪುಷ್ಯದ ಜಡಿಯಲ್ಲಿ ತೀರ್ಥಹಳ್ಳಿ, ಆಗುಂಬೆ ಕಡೆ ಪರಾಗ ಒಣಗಿರುವ ದಿನವೇ ಅಪರೂಪ. ಶಿಕಾರಿಪುರ, ಭದ್ರಾವತಿ ಕಡೆಯವರಿಗೆ ಆ ಕೊಯ್ಲೂ ದಕ್ಕೀತು, ನಿಮಗೆ ಬೇಸಿಗೆಯ ಕೊಯ್ಲೇ ಆಧಾರ. ಅದಕ್ಕೆ ತಕ್ಕಂತೆ ದೊಡ್ಡ ಸವರಿಕೆ ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿಗೆ ಮುಗಿಸಿ. ಇಳಿಬಿದ್ದ ಪ್ರತಿ ಕವಲಲ್ಲಿ ತಂತಿಯಿಂದ ನಾಲ್ಕೈದು ಗಣ್ಣು ಬಿಟ್ಟು ಕತ್ತರಿಸಿ. ಎಲೆಯಿಲ್ಲದ, ಹೆಬ್ಬೆರಳು ದಪ್ಪದ ಹಳೆಯ ಕಾಂಡಕ್ಕೆ ಕತ್ತರಿ ಇಡಬಾರದು. ಅಲ್ಲಿಂದ ಚಿಗುರು ಒಡೆಯುವ ಭರವಸೆ ಇಲ್ಲ. ನಿಮ್ಮ ಬಳ್ಳಿ ಸತ್ತದ್ದು ಬಹುಶಃ ಇದಕ್ಕೇ, ಇಲ್ಲವೇ ಮಳೆಯಲ್ಲಿ ಸವರಿದ್ದಕ್ಕೆ. ಎರಡು ಮೂರು ದಿನ ಬಿಸಿಲು ಇರುವಾಗ ಸವರಿ. ಕತ್ತರಿಸಿದ ಬಳ್ಳಿಯನ್ನು ಅಂದೇ ಎಳೆಯಬೇಡಿ. ಸುರುಳಿ ಎಳೆಗಳು ಬೇಕಾದ ಕವಲನ್ನೂ ಹಿಡಿದಿರುತ್ತವೆ, ಅದೂ ಕಿತ್ತು ಬರುತ್ತದೆ. ಒಂದು ವಾರ ಅಲ್ಲೇ ಒಣಗಲು ಬಿಟ್ಟರೆ ಸುಲಭವಾಗಿ ಉದುರಿಸಬಹುದು.

ಸವರಿದ ಮೇಲೆ ಬಳ್ಳಿಗೆ 5 ಕಿಲೋ ಗೊಬ್ಬರ. ರಾಸಾಯನಿಕ ಬಳಸುವವರು 17:17:17 (ಸಾರಜನಕ, ರಂಜಕ, ಪೊಟ್ಯಾಶ್ ಸಮನಾಗಿರುವ ಗೊಬ್ಬರ) ಅನ್ನು 150 ಗ್ರಾಂನಂತೆ ವರ್ಷಕ್ಕೆ ಮೂರು ಸಲ, ಡಿಸೆಂಬರ್, ಮಾರ್ಚ್, ಸೆಪ್ಟೆಂಬರ್‌ನಲ್ಲಿ ಕೊಡಿ. ಜೂನ್-ಜುಲೈನಲ್ಲಿ ಹಾಕಿದ್ದು ನಿಮ್ಮ ಊರಲ್ಲಿ ತುಂಗೆಗೇ ಹೋಗುತ್ತದೆ. ಜನವರಿಯಿಂದ ಮಳೆ ಹಿಡಿಯುವವರೆಗೆ ವಾರಕ್ಕೆ ಎರಡು ಸಲ 15ರಿಂದ 20 ಲೀಟರ್ ನೀರು ತಪ್ಪಬಾರದು. ಹೂವಿನ ಹೊತ್ತಿಗೆ ಬುಡ ಒಣಗಿದರೆ ಮೊಗ್ಗು ಉದುರುತ್ತದೆ. ಕಾಯಿ ಇರುವಾಗ ಒಣಗಿದರೆ ಕಾಯಿ ಹಸಿರಿರುವಾಗಲೇ ಸುರುಟುತ್ತದೆ.

ಪ್ರಶ್ನೆ: ಎಳೆಕಾಯಿಯ ಮೇಲೆ ಸೂಜಿ ಚುಚ್ಚಿದಂತೆ ಗುರುತು, ಆಮೇಲೆ ಅಲ್ಲಿ ಗಟ್ಟಿ ಗಂಟು. ಅರ್ಧಕ್ಕರ್ಧ ಉದುರುತ್ತವೆ. ಉಳಿದ ಕೆಲವು ಕಾಯಿ ಕಲ್ಲಿನಂತೆ ಸೊಟ್ಟಗಿವೆ.
— ಓದುಗರು, ರಿಪ್ಪನ್‌ಪೇಟೆ

ಉತ್ತರ: ಇವು ಎರಡು ಬೇರೆ ತೊಂದರೆ. ಚುಚ್ಚಿದ ಗುರುತು ಹಣ್ಣಿನ ನೊಣದ್ದು. ಮೊಟ್ಟೆ ಇಡಲು ಸಿಪ್ಪೆ ಕೊರೆಯುತ್ತದೆ. ತೀರ ಎಳೆಯ ಕಾಯಿ ಸುರುಟಿ ಉದುರುತ್ತದೆ, ಸ್ವಲ್ಪ ಬಲಿತದ್ದು ಗಾಯದ ಸುತ್ತ ಗಂಟು ಕಟ್ಟಿಕೊಂಡು ಉಳಿಯುತ್ತದೆ. ಗಂಟು ಇದ್ದ ಹಣ್ಣಿನ ಒಳಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ, ಎಸೆಯಬೇಡಿ. ಉದುರಿದ ಕಾಯಿಗಳನ್ನು ದಿನವೂ ಆರಿಸಿ, ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗೆ ಹಾಕಿ. ಗೊಬ್ಬರದ ಗುಂಡಿಗೆ ಎಸೆದರೆ ನೊಣ ಸಾಕಿದ ಹಾಗೆ. ಕಾಯಿ ನಿಂಬೆ ಗಾತ್ರ ಆಗುವ ಮೊದಲೇ ಕಾಗದದ ಅಥವಾ ತೆಳು ಬಟ್ಟೆಯ ಚೀಲ ಕಟ್ಟಿದರೆ ಪೂರ್ತಿ ರಕ್ಷಣೆ. ಅಡಿಕೆ ಕೊನೆಗೆ ಕೊಟ್ಟೆ ಕಟ್ಟುವ ತಾಳ್ಮೆ ಇದ್ದವರಿಗೆ ಇದೇನು ದೊಡ್ಡದಲ್ಲ. ಮಾವಿಗೆ ಬಳಸುವ ಮಿಥೈಲ್ ಯುಜಿನಾಲ್ ಮೋಹಕ ಬಲೆಯಲ್ಲಿ ಗಂಡು ನೊಣ ಮಾತ್ರ ಬೀಳುತ್ತದೆ, ಸಂಖ್ಯೆ ಇಳಿಯಲು ವಾರಗಳು ಬೇಕು. ಆದ್ದರಿಂದ ಮೊಗ್ಗು ಕಂಡಾಗಲೇ ತೂಗುಹಾಕಿ.

ಕಲ್ಲಿನಂತಹ ಸೊಟ್ಟ ಕಾಯಿಯ ಬಳ್ಳಿಯ ಎಲೆ ನೋಡಿ. ಹಳದಿ ಹಸಿರು ಮಚ್ಚೆ, ಮುದುಡು ಇದ್ದರೆ ನಂಜು (ವೈರಸ್) ರೋಗ. ಕತ್ತರಿಸಿದರೆ ಸಿಪ್ಪೆಯೇ ದಪ್ಪ, ತಿರುಳು ಚಮಚದಷ್ಟೂ ಇರುವುದಿಲ್ಲ. ರೋಗವನ್ನು ಗಿಡಹೇನು ಹರಡುತ್ತದೆ, ಕತ್ತರಿಯೂ ಹರಡುತ್ತದೆ. ಮದ್ದಿಲ್ಲ, ಬುಡ ಸಮೇತ ಕಿತ್ತು ಸುಡಿ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸದೆ ಇನ್ನೊಂದು ಬಳ್ಳಿಗೆ ಹಚ್ಚಬೇಡಿ. ಆ ಬಳ್ಳಿಯ ಕಡ್ಡಿಯನ್ನು ಯಾರಿಗೂ ಕೊಡಬೇಡಿ.

ಪ್ರಶ್ನೆ: ಎಲೆಯ ತೊಟ್ಟಿನಲ್ಲಿ ಸದಾ ಇರುವೆ ಸಾಲು. ಪುಡಿ ಹಾಕಬೇಕೆ?
— ವಿದ್ಯಾರ್ಥಿನಿ, ಸೊರಬ

ಉತ್ತರ: ಬೇಡ. ಎಲೆ ತೊಟ್ಟಿನ ಮೇಲ್ತುದಿಯಲ್ಲಿ ಎಲೆ ಅಂಟುವಲ್ಲೇ ಎರಡು ಸಣ್ಣ ಗುಬುಟು ಇವೆ, ಭೂತಗನ್ನಡಿ ಹಿಡಿದು ನೋಡಿ. ಅವು ಸಿಹಿರಸ ಜಿನುಗಿಸುತ್ತವೆ. ಇರುವೆ ಬರುವುದು ಅದಕ್ಕೆ. ಬಂದವು ಎಲೆ ತಿನ್ನುವ ಹುಳುಗಳನ್ನು ಓಡಿಸುತ್ತವೆ. ಎಲೆಯ ಕೆಳಗೆ ಬಿಳಿ ಹಿಟ್ಟಿನಂತಹ ತಿಗಣೆ ಕಂಡರೆ ಮಾತ್ರ ಲೆಕ್ಕ ಬೇರೆ, ಅವನ್ನು ಇರುವೆ ಕಾಯುತ್ತದೆ. ಆಗ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ.

ಪ್ರಶ್ನೆ: ತಾರಸಿಯ ಮೇಲೆ ಡ್ರಮ್ಮಿನಲ್ಲಿ ಬೆಳೆಯಬಹುದೇ?
— ಓದುಗರು, ವಿನೋಬನಗರ, ಶಿವಮೊಗ್ಗ

ಉತ್ತರ: ಬಹುದು. ಡ್ರಮ್ 60 ಲೀಟರಿಗೆ ಕಡಿಮೆ ಬೇಡ. ತಳದಲ್ಲಿ ಹೆಬ್ಬೆರಳು ಗಾತ್ರದ ಆರು ತೂತು, ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಒಂದು ಹಿಡಿ ಬೇವಿನ ಹಿಂಡಿ. ನೆನೆದ ಡ್ರಮ್ 80 ಕಿಲೋ ದಾಟುತ್ತದೆ, ತಾರಸಿಯ ನಡುವೆ ಇಡದೆ ಗೋಡೆ ಅಥವಾ ತೊಲೆಯ ಮೇಲೆ ಬರುವಂತೆ ಇಡಿ. ಏಪ್ರಿಲ್ ಬಿಸಿಲಿಗೆ ಕಪ್ಪು ಡ್ರಮ್ಮಿನೊಳಗೆ ಬೇರು ಬೇಯುತ್ತದೆ, ಹೊರಗೆ ಗೋಣಿ ಸುತ್ತಿ. ಬೇಸಿಗೆಯಲ್ಲಿ ದಿನವೂ 6ರಿಂದ 8 ಲೀಟರ್ ನೀರು ಬೆಳಗ್ಗೆ, ಸಂಜೆ ಹಂಚಿ ಕೊಡಿ. ಶಿವಮೊಗ್ಗ ಪೇಟೆಯ ಸೆಕೆಗೆ ನೇರಳೆ ಹೂವು ನಿಲ್ಲುವುದು ಕಷ್ಟ. ಹಳದಿ ಹಾಕುವುದಾದರೆ ಎರಡು ಡ್ರಮ್, ಎರಡು ಬೇರೆ ಬೀಜದ ಗಿಡ. ಕಾರಣ ಮೇಲೆ ಹೇಳಿದ್ದೇವೆ.

ಪ್ರಶ್ನೆ: ಮಂಗಗಳಿಗೆ ಏನು ಮಾಡುವುದು?
— ಏಳು ಊರಿನ ಓದುಗರು

ಉತ್ತರ: ಸಿಪ್ಪೆ ಗಟ್ಟಿ, ಮಂಗ ಮುಟ್ಟುವುದಿಲ್ಲ ಎಂದು ನಂಬಿ ಹಾಕಬೇಡಿ, ಮುಟ್ಟುತ್ತವೆ, ಹಸಿಯದ್ದನ್ನೂ ಕಿತ್ತೆಸೆಯುತ್ತವೆ. ತೋಟದಂಚು ಬಿಟ್ಟು ಅಡುಗೆಮನೆ ಬಾಗಿಲಿನ ಎದುರಿಗೇ ಆರಡಿ ಎತ್ತರದಲ್ಲಿ ಹಬ್ಬಿಸಿ, ಕಾಯಿ ನಿಂತ ಮೇಲೆ ನೈಲಾನ್ ಬಲೆ ಹೊದಿಸಿ. ಹೂವಿನ ಕಾಲದಲ್ಲಿ ಬಲೆ ಬೇಡ, ದುಂಬಿ ಒಳಗೆ ಬರಲಾರದು. ಬಣ್ಣ ತಿರುಗಿದ ತಕ್ಷಣ ಕಿತ್ತು ಮನೆಯೊಳಗೆ ಹಣ್ಣಾಗಿಸಿಕೊಳ್ಳಿ, ಸಿಹಿ ತುಸು ಕಡಿಮೆಯಾದೀತು. ಇದಕ್ಕಿಂತ ಖಚಿತವಾದ ಉಪಾಯ ಗೊತ್ತಿದ್ದವರು ನಮಗೆ ಬರೆಯಿರಿ.

ಪ್ರಶ್ನೆ: ಹಣ್ಣು ಒಮ್ಮೆಲೇ ಬುಟ್ಟಿಗಟ್ಟಲೆ ಬರುತ್ತದೆ. ರಸ ಇಟ್ಟುಕೊಳ್ಳುವ ಬಗೆ? ಸಿಪ್ಪೆ, ಎಲೆ ಅಡುಗೆಗೆ ಆಗುತ್ತದೆಯೇ?
— ಓದುಗರು, ಸಿದ್ದಾಪುರ

ಉತ್ತರ: ಉದುರಿದ ಹಣ್ಣನ್ನು ದಿನವೂ ಆರಿಸಿ, ಒದ್ದೆ ನೆಲದಲ್ಲಿ ಎರಡು ದಿನ ಬಿದ್ದರೆ ಬೂಷ್ಟು. ಸಿಪ್ಪೆ ಸುಕ್ಕುಗಟ್ಟಿದರೆ ಕೆಟ್ಟಿತೆಂದಲ್ಲ, ಹುಳಿ ಇಳಿದು ಸಿಹಿ ಏರಿತೆಂದು. 3 ಕಿಲೋ ಹಣ್ಣಿಗೆ ಸುಮಾರು 1 ಲೀಟರ್ ರಸ. ತಿರುಳನ್ನು ಮಿಕ್ಸಿಯಲ್ಲಿ ಹಾಕಿ ಎರಡು ಸಲ ತಟ್ಟನೆ ತಿರುಗಿಸಿ ನಿಲ್ಲಿಸಿ, ಸೋಸಿ. ಬೀಜ ನುರಿದರೆ ರಸ ಕಪ್ಪಿಟ್ಟು ಕಹಿಯಾಗುತ್ತದೆ. 1 ಲೀಟರ್ ನೀರಿಗೆ ಒಂದೂಮುಕ್ಕಾಲು ಕಿಲೋ ಸಕ್ಕರೆ ಹಾಕಿ ಕುದಿಸಿ, ಸೋಸಿ, ಪೂರ್ತಿ ತಣ್ಣಗಾದ ಮೇಲೆ 1 ಲೀಟರ್ ರಸ ಬೆರೆಸಿ. ಬಿಸಿ ಪಾಕಕ್ಕೆ ಸುರಿದರೆ ಪರಿಮಳ ಹೋಯಿತು. ನಿಂಬೆ ಉಪ್ಪು ಬೇಡ, ಹಣ್ಣಿನ ಹುಳಿಯೇ ಸಾಕು. ಫ್ರಿಜ್ಜಿನಲ್ಲಿ ತಿಂಗಳು ಇರುತ್ತದೆ. ಹೊರಗಿಡಬೇಕಾದರೆ ಈ ಅಳತೆಗೆ ಪೊಟ್ಯಾಶಿಯಂ ಮೆಟಾಬೈಸಲ್ಫೈಟ್ 2 ಗ್ರಾಂ ಮೀರದಂತೆ ಒಂದು ಚಮಚ ನೀರಲ್ಲಿ ಕರಗಿಸಿ ಸೇರಿಸಿ, ಕುದಿಸಿ ಒಣಗಿಸಿದ ಬಾಟಲಿಗೆ ಒಂದಂಗುಲ ಜಾಗ ಬಿಟ್ಟು ತುಂಬಿ. ಕುಡಿಯುವಾಗ ಒಂದಕ್ಕೆ ಮೂರು ಪಾಲು ನೀರು, ಚಿಟಿಕೆ ಏಲಕ್ಕಿ. ಉಬ್ಬಸದವರಿಗೆ ಮೆಟಾಬೈಸಲ್ಫೈಟ್ ಹಾಕಿದ್ದು ಬೇಡ.

ಪೂರ್ತಿ ಹಣ್ಣಾದದ್ದರ ಸಿಪ್ಪೆಯನ್ನು ಮೆತ್ತಗಾಗುವವರೆಗೆ ಬೇಯಿಸಿ, ಆ ನೀರು ಚೆಲ್ಲಿ, ಹೊರಪೊರೆ ಸುಲಿದು ಒಳಗಿನ ದಪ್ಪ ಭಾಗದಿಂದ ಗೊಜ್ಜು, ಚಟ್ನಿ ಮಾಡಬಹುದು. ಹಸಿ ಕಾಯಿ ಮತ್ತು ಎಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ. ಹಸಿಯಾಗಿ ರುಬ್ಬಿ ತಂಬುಳಿ ಮಾಡುವುದು ಬೇಡ. ಸವರಿದ ಸೊಪ್ಪನ್ನು ಹೊರೆಗಟ್ಟಲೆ ಕೊಟ್ಟಿಗೆಗೆ ಹಾಕುವುದೂ ಬೇಡ.